ಒಳಗಿನಿಂದ ಕರೆದರೆ ಮಾತ್ರ

ನಮ್ಮ ಅತ್ತೆ ಮೊದಲು ಮರೆತದ್ದು ಉಪ್ಪನ್ನು. ಸಾರಿಗೆ ಒಂದು ದಿನ ಹಾಕುತ್ತಲೇ ಇರಲಿಲ್ಲ, ಮರುದಿನ ಎರಡು ಸಲ ಹಾಕುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾವು ನಕ್ಕು ಸುಮ್ಮನಾದೆವು. ಆಮೇಲೆ ಬಾಚಣಿಗೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರಿಕಟ್ಟಿತು. ಕುಡಿದಿಟ್ಟ ಕಾಫಿ ಲೋಟ ಇನ್ನೂ ಬಿಸಿಯಿರುವಾಗಲೇ, "ಕಮಲಾಕ್ಷಿ, ಬೆಳಗಿಂದ ಒಂದು ತೊಟ್ಟು ಕಾಫಿ ಕೊಟ್ಟಿಲ್ವಲ್ಲೇ ನಂಗೆ" ಎಂದರು. ಬೇರೆ ಊರಾಗಿದ್ದರೆ ಇಷ್ಟಕ್ಕೆಲ್ಲ ಯಾರೂ ಹೆದರುತ್ತಿರಲಿಲ್ಲ. ನಾನು ಹೆದರಿದೆ. ನಮ್ಮ ಮನೆಯಲ್ಲಿ ಕರೆಯುವವರು ಅತ್ತೆಯೇ.

ನಮ್ಮ ಊರಲ್ಲಿ ಮನೆಯಿಂದ ಹೊರಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಒಳಗೆ ಬರಬೇಕಾದರೆ ಮಾತ್ರ ಮನೆಯ ಹಿರಿಯರು ಹೊಸ್ತಿಲ ಒಳಗಿನಿಂದ ಹೆಸರು ಹಿಡಿದು ಕರೆಯಬೇಕು. ಕರೆಯದಿದ್ದರೆ ಕಾಲು ಏಳುವುದಿಲ್ಲ. ಹಿಂದಿನಿಂದ ಇಬ್ಬರು ಸೇರಿ ತಳ್ಳಿದರೂ, ಎತ್ತಿ ಒಳಗಿಡಲು ನೋಡಿದರೂ ಪಾದ ನೆಲ ಬಿಡುವುದಿಲ್ಲ. ಬಾಯಿಮಾತಿಗೆ ಹೆಸರು ಕೂಗಿದರೂ ಆಗದು, ಕರೆಯುವವರ ಮನಸ್ಸಿನಲ್ಲಿ ಆ ಮುಖ ಇರಬೇಕು. ಹಾಗಾಗಿ ಪ್ರತಿ ಮನೆಯಲ್ಲೂ ಹೊಸ್ತಿಲು ದಾಟದ ಆ ಹಿರಿಯರ ಮಂಚ ಬಾಗಿಲ ಪಕ್ಕದಲ್ಲೇ ಇರುತ್ತದೆ. ಸಂಜೆ ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಹೆಸರುಗಳು ಕೇಳಿಸುತ್ತವೆ. ಕುಡಿದು ಬಂದ ಮಗನನ್ನು ಅಂಗಳದಲ್ಲೇ ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ ಬೈದು, ಹೊತ್ತು ಮುಳುಗುವ ಮುಂಚೆ ಕರೆದುಕೊಳ್ಳುವ ಮುದುಕಿಯರು ನಮ್ಮಲ್ಲಿ ಬೇಕಾದಷ್ಟು ಜನ. ಹೊತ್ತು ಮುಳುಗುವ ಮುಂಚೆಯೇ ಕರೆಯುತ್ತಾರೆ, ಅದರಲ್ಲಿ ಆಟವಿಲ್ಲ. ಒಂದು ಸಂಜೆ ಹೊರಗುಳಿದವರು ಊರ ಚಾವಡಿಯಲ್ಲಿ ಮಲಗಬಹುದು. ಎರಡನೆಯ ಸಂಜೆಯೂ ಮಲಗಬಹುದು. ಮೂರನೆಯ ಸಂಜೆ ಅವರ ಕಾಲು ತಾನಾಗಿ ಗಡಿಗಲ್ಲಿನ ಕಡೆಗೆ ನಡೆಯತೊಡಗುತ್ತದೆ.

ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ಅದನ್ನು ಕಣ್ಣಾರೆ ಕಂಡೆ. ಬಳೆಗಾರರ ಮನೆಯಲ್ಲಿ ಮಾವನಿಗೂ ಮನೆ ಅಳಿಯನಿಗೂ ಯಾವುದೋ ಮಾತಿಗೆ ಜಗಳ ಬಿದ್ದು, ಮಾವ ಕರೆಯದೆ ಹಟ ಹಿಡಿದು ಕೂತ. ಮೂರನೆಯ ದಿನ ಹೊತ್ತು ಮುಳುಗಿದಾಗ ಮುದುಕನಿಗೆ ಬುದ್ಧಿ ಬಂದು ಗಂಟಲು ಹರಿಯುವ ಹಾಗೆ ಕೂಗಿದ. ಅಷ್ಟರಲ್ಲಿ ಅಳಿಯ ಚಾವಡಿಯ ಮೆಟ್ಟಿಲಿಳಿದಿದ್ದ. ನಮ್ಮ ಮನೆಯ ಮುಂದೆಯೇ ಹಾದು ಹೋದ. ಮುಖ ಹಿಂದಕ್ಕೆ ತಿರುಗಿಸಿಕೊಂಡು ಅಳುತ್ತಿದ್ದ, ಕಾಲು ಮಾತ್ರ ಮುಂದೆ ಹೋಗುತ್ತಿತ್ತು. ಗಡಿಗಲ್ಲು ದಾಟಿ ಹೋದವರು ತಿರುಗಿ ಬಂದದ್ದನ್ನು ಕಂಡವರು ಯಾರೂ ಇಲ್ಲ.

ನನ್ನ ಮಗಳು ಚೆಲುವಿಗೆ ಆಗ ಆರು ವರ್ಷ. ಮನೆಗೆ ಎಲ್ಲರಿಗಿಂತ ಕೊನೆಗೆ ಬಂದವಳು. ನಾನು ಬಟ್ಟೆ ಹೊಲಿಯುವವಳು. ಕೊನೆಗೆ ಗಂಟು ಹಾಕದೆ ಬಿಟ್ಟ ಹೊಲಿಗೆ ಎಲ್ಲಿಂದ ಬಿಚ್ಚಿಕೊಳ್ಳುತ್ತದೆ ಎಂಬುದು ನನಗೆ ಗೊತ್ತು. ಅತ್ತೆಯ ನೆನಪೂ ಈಚಿನ ತುದಿಯಿಂದಲೇ ಬಿಚ್ಚಿಕೊಳ್ಳುತ್ತಿತ್ತು. ತವರಿನಲ್ಲಿದ್ದ ಎಮ್ಮೆಯ ಹಣೆಯ ಮೇಲಿನ ಬಿಳಿ ಮಚ್ಚೆ ನೆನಪಿತ್ತು, ಬೆಳಗಿನ ತಿಂಡಿ ನೆನಪಿರಲಿಲ್ಲ. ಹೀಗೇ ಹೋದರೆ ಮೊದಲು ಚೆಲುವಿ, ಆಮೇಲೆ ನಾನು, ಕೊನೆಗೆ ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ. ಇದನ್ನು ಗಂಡನಿಗೆ ಹೇಳಿದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಅವ್ವ ಮೊಮ್ಮಗೂನ ಮರೀತಾಳಾ? ಏನೇನೋ ಯೋಚ್ನೆ ಮಾಡ್ಬೇಡ" ಎಂದು ಎಣ್ಣೆ ಗಾಣದ ಕೆಲಸಕ್ಕೆ ಹೊರಟು ಹೋದರು.

ಒಂದು ಸಂಜೆ ಚೆಲುವಿ ಬೀದಿಯಲ್ಲಿ ಆಡಿಕೊಂಡು ಬಂದು ಅಂಗಳದಲ್ಲಿ ನಿಂತಳು. ನಾನು ಒಳಗೆ ಮಿಷನ್ನಿನ ಮುಂದೆ ಕೂತಿದ್ದೆ. ಅತ್ತೆ ಮಂಚದಿಂದ ಎದ್ದು ಹೊಸ್ತಿಲ ಹತ್ತಿರ ಹೋಗಿ ಮಗುವನ್ನು ಮೇಲಿಂದ ಕೆಳಗೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ತುಂಬ ಅಕ್ಕರೆಯಿಂದಲೇ ಕೇಳಿದರು: "ಯಾರ ಮನೆ ಕೂಸವ್ವ ನೀನು? ಹೊತ್ತಾಯ್ತಲ್ಲ, ನಿಮ್ಮನೆಗೆ ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ." ನಾನು ಮಿಷನ್ ಬಿಟ್ಟೆದ್ದೆ. ಓಡಿಬಂದು, "ಅತ್ತೆ, ನಮ್ಮ ಚೆಲುವಿ. ಚೆಲುವೀ ಅಂತ ಕರೀರಿ" ಎಂದೆ. ಅವರು ನನ್ನ ಮಾತಿಗೆ ಅಡ್ಡಿ ಮಾಡದೆ "ಚೆಲುವೀ" ಎಂದು ಕರೆದರು. ಮಗು ಕಾಲೆತ್ತಲು ನೋಡಿತು. ಪಾದ ಏಳಲಿಲ್ಲ. "ಅಮ್ಮಾ, ಬರ್ತಾ ಇಲ್ಲ" ಎಂದಳು. ಹತ್ತು ಸಲ ಕರೆಸಿದೆ. ಹತ್ತು ಸಲವೂ ಬರೀ ಹೆಸರು ಬಂತು, ಮುಖ ಬರಲಿಲ್ಲ. ಹೊತ್ತು ಮುಳುಗಿತು. ಗಂಡ ಆ ರಾತ್ರಿ ಗಾಣದಲ್ಲೇ ಉಳಿದಿದ್ದರು. ನಾನು ಹೊಸ್ತಿಲು ದಾಟಿ ಹೊರಗೆ ಹೋಗಿ ಮಗಳನ್ನು ಎತ್ತಿಕೊಂಡು ಚಾವಡಿಗೆ ನಡೆದೆ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು, "ಅಜ್ಜಿಗೆ ನಾನು ಏನ್ ಮಾಡ್ದೆ?" ಎಂದು ಕೇಳುತ್ತಲೇ ಇದ್ದಳು.

ಬೆಳಿಗ್ಗೆ ಹೋಗಿ ನಿಂತಾಗ ಅತ್ತೆ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಏನ್ರೇ, ತಾಯಿ ಮಗಳು ಎದ್ದೇಟ್ಗೆ ಎಲ್ಲಿ ಸವಾರಿ ಹೋಗಿದ್ರಿ? ಕಮಲಾಕ್ಷಿ, ಬಾ. ಚೆಲುವಿ, ಬಾರೆ ಕಂದ" ಎಂದರು. ಇಬ್ಬರ ಕಾಲೂ ಹಗುರಾಗಿ ಎದ್ದವು. ನಾನು ಒಳಗೆ ಬಂದವಳೇ ಬಾಗಿಲು ಹಾಕಿ, ಬೆನ್ನು ಕೊಟ್ಟು ಕೂತುಬಿಟ್ಟೆ. ಆ ದಿನವೇ ಬಡಗಿಯನ್ನು ಕರೆಸಿ, ಕದ ಕಳಚಿ ಅಂಗಳಕ್ಕೆ ಕೊಟ್ಟು, ಅವನ ಕೈಯಲ್ಲಿ ಅದರ ಒಳಮೈಯ ಮೇಲ್ಭಾಗಕ್ಕೆ ಒಂದು ಅಗುಳಿ ಹಾಕಿಸಿದೆ. ಮಗಳಿಗೆ ಎಟುಕಬಾರದು. ಹೊರಗೆ ಹೋಗದಿದ್ದರೆ ಕರೆಸಿಕೊಳ್ಳುವ ಪಾಡಿಲ್ಲ ಎಂಬುದು ನನ್ನ ಜಾಣತನ.

ಚೆಲುವಿ ನಲವತ್ತು ದಿನ ಮನೆಯೊಳಗೇ ಇದ್ದಳು, ನಾನೂ ಹೊಸ್ತಿಲು ದಾಟಲಿಲ್ಲ. ಮೊದಲ ವಾರ ಕಿಟಕಿಗೆ ಹಣೆ ಒತ್ತಿಕೊಂಡು ಅತ್ತಳು, ಆಮೇಲೆ ಅಜ್ಜಿಯ ಮಂಚ ಹತ್ತಿದಳು. ಅಟ್ಟದಿಂದ ಅಳಗುಳಿ ಮಣೆ ಇಳಿಯಿತು. ಹುಣಸೆ ಬೀಜ ಹಾಕಿಕೊಂಡು ಇಬ್ಬರೂ ಹಗಲೆಲ್ಲ ಆಡುತ್ತಿದ್ದರು, ಮೋಸ ಮಾಡುತ್ತಿದ್ದರು, ಜುಟ್ಟು ಹಿಡಿದು ಜಗಳವಾಡಿ ಮತ್ತೆ ರಾಜಿಯಾಗುತ್ತಿದ್ದರು. ನಾನು ಅತ್ತ ಗಮನ ಕೊಡಲಿಲ್ಲ. ಎಲ್ಲಿಂದ ಕೊಡಲಿ? ಹೊಲಿಯಲು ಕೊಟ್ಟವರು ಕಿಟಕಿಯಲ್ಲಿ ನಿಂತು ಬೈಯುತ್ತಿದ್ದರು. ಅತ್ತೆ ದಿನಕ್ಕೆರಡು ಸಲ ಹಾಸಿಗೆ ಒದ್ದೆ ಮಾಡುತ್ತಿದ್ದರು. ಸೀರೆ ಉಡಿಸಹೋದರೆ ಕೈ ಕಚ್ಚಿದ್ದೂ ಉಂಟು. ತಮ್ಮ ಬಳೆಗಳನ್ನು ತಾವೇ ಎಲ್ಲೋ ಬಚ್ಚಿಟ್ಟು, "ಕಳ್ಳಿ, ನನ್ನ ಬಳೆ ಕೊಡೇ" ಎಂದು ನನ್ನ ಹಿಂದೆ ಹಿಂದೆ ತಿರುಗುತ್ತಿದ್ದರು. ಸಂಜೆಯಾದರೆ ಇನ್ನೊಂದು ರಾಗ. "ಹೊತ್ತಾಯ್ತು, ನಾನು ನಮ್ಮನೆಗೆ ಹೋಗ್ತೀನಿ" ಎಂದು ಬಾಗಿಲು ಜಗ್ಗುತ್ತಿದ್ದರು. "ಇದೇ ನಿಮ್ಮನೆ ಅತ್ತೆ" ಎಂದರೆ ನನ್ನನ್ನು ನೋಡಿ ನಗುತ್ತಿದ್ದರು, ಯಾರೋ ಸುಳ್ಳು ಹೇಳುವವರನ್ನು ನೋಡಿದಂತೆ.

ಗಂಡನನ್ನು ಮಾತ್ರ ಅವರು ಇನ್ನೂ ಕರೆಯುತ್ತಿದ್ದರು. ಆದರೆ ಒಂದು ಸಂಜೆ, "ಮರಿಸ್ವಾಮಿ" ಎನ್ನುವ ಮೊದಲು ಅವರ ಮುಖವನ್ನೇ ಬಹಳ ಹೊತ್ತು ನೋಡಿದರು. ಒಳಗೆ ಬಂದ ಮೇಲೆ ಗಂಡ ಗೋಡೆಗೆ ಒರಗಿ ಕೂತು, "ನೀನು ಹೇಳಿದ್ದು ದಿಟ ಕಣೆ" ಎಂದರು.

ಇದಕ್ಕೆ ಊರಲ್ಲಿ ದಾರಿ ಇಲ್ಲದೆ ಇಲ್ಲ. ಕರೆಯುವವರು ತಾವಾಗಿ ಹೊರಗೆ ಹೋಗಿ ನಿಲ್ಲಬೇಕು, ಒಳಗಿದ್ದವರಲ್ಲಿ ಒಬ್ಬರು ಅವರನ್ನು ಹೆಸರು ಹಿಡಿದು ಕರೆದುಕೊಳ್ಳಬೇಕು. ಯಾರು ಕರೆದುಕೊಂಡರೋ ಅಂದಿನಿಂದ ಹೊಸ್ತಿಲು ಅವರದು. ಹೊಸ್ತಿಲು ಒಪ್ಪಿಸುವುದು ಎನ್ನುತ್ತಾರೆ. ಹೇಳಿದಷ್ಟು ಸುಲಭವಲ್ಲ ಅದು. ಇಷ್ಟು ವರ್ಷ ಎಲ್ಲರನ್ನೂ ಕರೆದವರು, ಆ ಒಂದು ಗಳಿಗೆ, ಒಳಗಿದ್ದವರ ಬಾಯಿ ನೋಡಿಕೊಂಡು ಬರಿಗೈಯಲ್ಲಿ ನಿಲ್ಲಬೇಕು. ಕರೆಯದೆ ಮೂರು ಸಂಜೆ ಕಳೆದರೆ, ಅವರು ಗಡಿಗಲ್ಲು ದಾಟುತ್ತಾರೆ, ಹೊಸ್ತಿಲು ತಾನಾಗಿಯೇ ಒಳಗಿದ್ದ ಹಿರಿಯರ ಪಾಲಾಗುತ್ತದೆ. ಅತ್ತೆಗೆ ಎಲ್ಲ ಮರೆತಿದ್ದರೂ ಇದು ಮರೆತಿರಲಿಲ್ಲ. ಗಂಡ ಕಾಲು ಹಿಡಿದು ಕೇಳಿದಾಗ ಅವರು ಮಂಚದ ಮೂಲೆಗೆ ಸರಿದು ಮುದುಡಿಕೊಂಡರು.

"ನಾನು ಹೋಗಲ್ಲಪ್ಪ. ನನ್ನ ಹೊರಗೆ ಹಾಕಿ ಬಾಗ್ಲು ಹಾಕ್ಕೊಳಕ್ಕೆ ನೋಡ್ತಿದೀರ. ನೀನು ಕರೆದ್ರೂ ಕರೀಬೋದು. ಇವ್ಳು ಕರೀಗೊಡಲ್ಲ" ಎಂದು ನನ್ನ ಕಡೆ ಬೆರಳು ತೋರಿಸಿದರು.

ನನಗೆ ಮೈಯೆಲ್ಲ ಉರಿದು ಹೋಯಿತು. ಅವರ ಹೇಲು ಉಚ್ಚೆ ಬಾಚಿದ ಕೈಯನ್ನೇ ಮಗಳ ನೆತ್ತಿಯ ಮೇಲಿಟ್ಟು ಹೇಳಿದೆ: "ಇವಳಾಣೆಗೂ ಕರೀತೀನಿ ಅತ್ತೆ. ನೀವು ಹೊರಗೆ ನಿಂತ ಮರುಗಳಿಗೆ ಕರೀತೀನಿ." ಚೆಲುವಿ ತಲೆಯೆತ್ತಿ ನನ್ನನ್ನೂ ಅಜ್ಜಿಯನ್ನೂ ನೋಡಿದಳು. ಅತ್ತೆ ಒಪ್ಪಲಿಲ್ಲ.

ನಲವತ್ತನೆಯ ದಿನ ಬೆಳಗಿನಿಂದ ನನ್ನ ಹೊಟ್ಟೆಗೆ ಒಂದು ತುತ್ತು ಬಿದ್ದಿರಲಿಲ್ಲ. ಎರಡನೆಯ ಸಲ ಹಾಸಿಗೆ ಒಗೆದ ನೀರನ್ನು ಬಾಗಿಲಲ್ಲಿ ನಿಂತು ಅಂಗಳಕ್ಕೆ ಎರಚಿದೆ. ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿದ ಸದ್ದಾಗಿ ಒಳಗೆ ಓಡಿದೆ. ಅಗುಳಿ ಹಾಕಲಿಲ್ಲ. ಬಟ್ಟೆ ಹಿಂಡಿ, ಕೈ ಒರೆಸಿಕೊಂಡು ನಡುಮನೆಗೆ ಬಂದರೆ ಬಾಗಿಲು ತೆರೆದಿದೆ, ಅತ್ತೆ ಅಂಗಳದಲ್ಲಿದ್ದಾರೆ. ಸೆರಗು ನೆಲದ ಮೇಲೆ ಎಳೆಯುತ್ತಿತ್ತು. ಕಂಕುಳಲ್ಲಿ ತಲೆದಿಂಬು. ಬೀದಿಯ ಆ ತುದಿ ಈ ತುದಿ ನೋಡಿದರು, ಯಾವ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ತಿರುಗಿ ನಮ್ಮ ಬಾಗಿಲಿಗೇ ಬಂದರು. ಕಾಲು ಎತ್ತಲು ನೋಡಿದರು. ಏಳಲಿಲ್ಲ. ಇನ್ನೊಂದು ಕಾಲು ನೋಡಿದರು. ಅದೂ ಇಲ್ಲ. ಆಗ ಅವರ ಮುಖದಲ್ಲಿ ಹೆದರಿಕೆ ಕಾಣಿಸಿಕೊಂಡಿತು. ನನ್ನನ್ನೇ ನೋಡಿ, "ಏನವ್ವಾ, ಕಾಲು ಬರ್ತಿಲ್ಲ" ಎಂದರು.

ಮಾಡಬೇಕಾದದ್ದು ಒಂದೇ. ಬಾಯಿ ತೆರೆದು ದೇವೀರಮ್ಮ ಎನ್ನಬೇಕು. ಅತ್ತೆಯ ಹೆಸರನ್ನು ಸೊಸೆ ಹೇಳಬಾರದೆಂಬ ಕಟ್ಟಳೆ ಹೊಸ್ತಿಲಿಗೆ ಬಂದಾಗ ಇರುವುದಿಲ್ಲ. ಕರೆದಿದ್ದರೆ ಹೊಸ್ತಿಲು ನನ್ನದಾಗುತ್ತಿತ್ತು, ಮಗಳು ಆ ಕ್ಷಣವೇ ಬೀದಿಗೆ ಓಡಬಹುದಿತ್ತು, ಗಂಡ ನೆಮ್ಮದಿಯಾಗಿ ಮನೆಗೆ ಬರಬಹುದಿತ್ತು. ಇಷ್ಟು ದಿನ ಬೇಡಿದ್ದು ತಾನಾಗಿ ಬಂದು ಅಂಗಳದಲ್ಲಿ ನಿಂತಿತ್ತು. ಆದರೂ ನನ್ನ ಬಾಯಿ ಏಳಲಿಲ್ಲ. ಮೂರು ಸಂಜೆ ಎಂದುಕೊಂಡೆ. ಮೂರೇ ಸಂಜೆ. ಆಮೇಲೆ ಸೀದ ಪಾತ್ರೆ ಇಲ್ಲ, ಒದ್ದೆ ಹಾಸಿಗೆ ಇಲ್ಲ, ಕಳ್ಳಿ ಎನ್ನುವವರಿಲ್ಲ. ಮಗಳಿಗಾಗಿ ಸುಮ್ಮನಿದ್ದೆ ಎಂದು ಹೇಳಿಕೊಳ್ಳಲು ನನಗೆ ಆ ನೆಪವೂ ಇರಲಿಲ್ಲ. ಬೀದಿಯ ನಲ್ಲಿಯಲ್ಲಿ ಯಾರೋ ಕೊಡ ಹಿಡಿದಿದ್ದರು. ಖಾಲಿ ಕೊಡಕ್ಕೆ ನೀರು ಬಿದ್ದ ಸದ್ದು ಕೇಳಿಸಿತು, ಕಂಠದವರೆಗೆ ತುಂಬಿ ಸದ್ದು ಸಣ್ಣದಾದದ್ದೂ ಕೇಳಿಸಿತು. ಅಷ್ಟು ಹೊತ್ತು ನಾನು ನಿಂತೇ ಇದ್ದೆ. ಅತ್ತೆ ದಿಂಬನ್ನು ಎದೆಗೆ ಅವಚಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಪಕ್ಕಕ್ಕೆ ನೋಡಿದರೆ ಚೆಲುವಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಅವಳೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಆಗ ಕರೆದೆ. "ದೇವೀರಮ್ಮ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ. ಅತ್ತೆಯ ಕಾಲು ಏಳಲಿಲ್ಲ. ಆ ಹೆಸರು ಯಾರದೋ ಎಂಬಂತೆ ಅವರು ಹಿಂದೆ ತಿರುಗಿ ನೋಡಿದರು. ಮತ್ತೆ ಮತ್ತೆ ಕೂಗಿದೆ. ಹೊತ್ತು ಕೆಂಪಾಗಿತ್ತು. ಅವರು ಅಳಲು ಶುರುಮಾಡಿದರು, ದೊಡ್ಡವರು ಅಳುವ ಹಾಗಲ್ಲ, ತುಟಿ ಮುಂದೆ ಮಾಡಿ ಬಿಕ್ಕಿ ಬಿಕ್ಕಿ ಅಳುವ ಅಳು. ಅವರು ಆ ಹೆಸರನ್ನು ಮರೆತಿದ್ದರೋ, ಇಲ್ಲ ನನ್ನ ಮನಸ್ಸಿನಲ್ಲಿ ಅವರ ಮುಖ ಇರಲಿಲ್ಲವೋ, ನನಗೆ ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಚೆಲುವಿ ನನ್ನನ್ನು ಸರಿಸಿಕೊಂಡು ಹೊಸ್ತಿಲ ಹತ್ತಿರ ಹೋದಳು. ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ನಿಂಗೀ, ಬಾರೇ! ಆಟ ಅರ್ಧಕ್ಕೇ ಬಿಟ್ಟು ಹೋದ್ಯಲ್ಲ, ಸೋಲ್ತೀಯ ಅಂತ ತಾನೇ?"

ಅತ್ತೆಯ ಅಳು ನಿಂತಿತು. "ಸೋಲೋಳು ನೀನು" ಎಂದರು. ಸೆರಗು ಎಳೆದುಕೊಂಡು, ಬಲಗಾಲೆತ್ತಿ, ಮೂಗೊರೆಸಿಕೊಳ್ಳುತ್ತ ಒಳಗೆ ಬಂದರು.

ನಮ್ಮಲ್ಲಿ ಒಂದು ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಇರುವಂತಿಲ್ಲ, ಒಂದು ಕರೆಗೆ ಇಬ್ಬರ ಕಾಲು ಎದ್ದರೆ ಕಷ್ಟ. ಹೊಸ ಸೊಸೆಯ ಹೆಸರು ಮನೆಯಲ್ಲಿ ಮೊದಲೇ ಇದ್ದರೆ ಧಾರೆಯ ದಿನವೇ ಅದನ್ನು ಬದಲಾಯಿಸುತ್ತಾರೆ, ಹಳೆಯದನ್ನು ಮತ್ತೆ ಯಾರೂ ಎತ್ತುವುದಿಲ್ಲ. ಅತ್ತೆಯ ಅತ್ತೆ ನಿಂಗಮ್ಮ. ಹಾಗೆಂದರೆ ಅತ್ತೆ ತವರಿನಲ್ಲಿ ನಿಂಗಿಯಾಗಿದ್ದವರು, ಈ ಮನೆಗೆ ಬಂದು ದೇವೀರಮ್ಮನಾದವರು. ಮಗನಿಗೂ ಗೊತ್ತಿರದ ಈ ಸಂಗತಿಯನ್ನು ಅವರು ಅಳಗುಳಿ ಮಣೆಯ ಮುಂದೆ ಕೂತು ತಮ್ಮ ಗೆಳತಿಗೆ ಹೇಳಿದ್ದರು. ಮಗು ಅದನ್ನು ಇಟ್ಟುಕೊಂಡಿತ್ತು. ನಾನು ಅದೇ ಮನೆಯಲ್ಲಿ ಮಿಷನ್ ತುಳಿಯುತ್ತ ಏನೊಂದೂ ಕೇಳಿಸಿಕೊಂಡಿರಲಿಲ್ಲ.

ಕೊಂಚ ಹೊತ್ತಿಗೆ ಗಂಡ ಬಂದು ಅಂಗಳದಲ್ಲಿ ನಿಂತರು. ಅತ್ತೆ ತಲೆ ಎತ್ತಲಿಲ್ಲ, ಬೀಜ ಎಣಿಸುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ಗಂಡನ ಹೆಸರು ಹಿಡಿದು ಕರೆದೆ. ಅವರ ಕಾಲು ಏಳಲಿಲ್ಲ. ಆಗ ಚೆಲುವಿ ಕೂತಲ್ಲಿಂದಲೇ, "ಮರಿಸ್ವಾಮೀ, ಬಾ" ಎಂದು ಕರೆದಳು. ಅವರು ಗಾಬರಿಯಾಗಿ ಒಳಗೆ ಬಂದು ಮಗಳನ್ನೂ ನನ್ನನ್ನೂ ನೋಡಿದರು. ಏನಾಯಿತು ಎಂದು ಕೇಳಿದರು. ಬಾಗಿಲು ತೆಗೆದಿತ್ತು, ಅತ್ತೆ ಹೊರಗೆ ಹೋಗಿದ್ದರು, ಚೆಲುವಿ ಕರೆದುಕೊಂಡಳು ಎಂದಷ್ಟೇ ಹೇಳಿದೆ. ಅವರು ಮಗಳನ್ನು ಎತ್ತಿಕೊಂಡು ಮುದ್ದಾಡಿದರು, ನಕ್ಕರು, ಅತ್ತರು. ಅವಳು ಅಪ್ಪನ ಹೆಗಲ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಅವಳೂ ಬೇರೇನನ್ನೂ ಹೇಳಲಿಲ್ಲ.

ಆಮೇಲೂ ಹನ್ನೊಂದು ದಿನ ನಾನು ಹೊರಗೆ ಕಾಲಿಡಲಿಲ್ಲ. ನೀರಿಗೆ ಗಂಡನನ್ನೇ ಕಳಿಸಿದೆ, ಅಂಗಡಿಗೆ ಗಂಡನನ್ನೇ ಕಳಿಸಿದೆ. ತಲೆನೋವು ಎಂದೆ, ಸೊಂಟ ಎಂದೆ. ಹನ್ನೆರಡನೆಯ ದಿನ ಮನೆಯಲ್ಲಿ ತೊಟ್ಟು ನೀರಿರಲಿಲ್ಲ, ಗಂಡ ಗಾಣದಲ್ಲಿದ್ದರು. ಜೀವ ಕೈಯಲ್ಲಿ ಹಿಡಿದುಕೊಂಡು ನಲ್ಲಿಗೆ ಹೋಗಿ, ಕೊಡ ತುಂಬಿಸಿಕೊಂಡು ಬಂದು ಅಂಗಳದಲ್ಲಿ ನಿಂತೆ.

ಚೆಲುವಿ ಒಳಗೆ, ಬಾಗಿಲಲ್ಲೇ, ಅಜ್ಜಿಯ ಕೈ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ಕರೆಯಲಿಲ್ಲ. ಕೊಡದ ನೀರು ತುಳುಕಿ ನನ್ನ ಸೀರೆ ಒದ್ದೆಯಾಯಿತು. "ಚೆಲುವಿ" ಎಂದೆ. ಅದಕ್ಕಿಂತ ಹೆಚ್ಚಿಗೆ ಏನನ್ನು ಕೇಳಲೂ ನನಗೆ ಬಾಯಿರಲಿಲ್ಲ.

"ಯಾರೇ ಅದು? ಪಾಪ, ಕೊಡ ಹೊತ್ಕೊಂಡು ನಿಂತವ್ಳೆ" ಎಂದರು ಅತ್ತೆ. "ಒಳಗೆ ಕರಿಯೇ."

"ಅವತ್ತು ನೀನು ಹೊರಗೆ ನಿಂತಿದ್ದಾಗ ಅವಳು ಕರೀಲಿಲ್ಲ" ಎಂದಳು ಚೆಲುವಿ.

ಅತ್ತೆ ಹುಬ್ಬು ಗಂಟಿಕ್ಕಿ ಯೋಚಿಸಿದರು. "ಯಾವತ್ತು?" ಎಂದರು.

ಚೆಲುವಿ ಅವರ ಮುಖ ನೋಡಿದಳು. ತಿರುಗಿ ನನ್ನ ಮುಖ ನೋಡಿದಳು. ಆಮೇಲೆ, "ಕಮಲಾಕ್ಷಿ, ಬಾ" ಎಂದಳು. ನನ್ನ ಕಾಲು ಎದ್ದಿತು.

ಅತ್ತೆ ಮರುವರ್ಷ ಮಂಚದ ಮೇಲೆಯೇ, ಗೆಳತಿಯ ಕೈ ಹಿಡಿದುಕೊಂಡು ತೀರಿಹೋದರು. ಅದಾಗಿ ಇಪ್ಪತ್ತೆರಡು ವರ್ಷವಾಯಿತು. ಬಾಗಿಲಿನ ಮೇಲಿನ ಅಗುಳಿಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ, ತುಕ್ಕು ಹಿಡಿಯಿತು. ಚೆಲುವಿ ನಮ್ಮ ಜೊತೆಗೇ ಇದ್ದಾಳೆ. ಹೊಸ್ತಿಲು ಅವಳದು, ಹಾಗಾಗಿ ಅಳಿಯನೇ ನಮ್ಮ ಮನೆಗೆ ಬಂದ. ಅಪ್ಪ ಬೀದಿಯ ತಿರುವಿನಲ್ಲಿ ಕಂಡರೆ ಅಲ್ಲಿರುವಾಗಲೇ ಕರೆಯುತ್ತಾಳೆ. ನನ್ನನ್ನೂ ಕರೆಯುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ, ಹಳೆಯದನ್ನು ಎತ್ತಿ ಆಡಿಲ್ಲ. ಕರೆಯುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ, ಅಷ್ಟೇ. ಆ ಗಳಿಗೆಯಲ್ಲಿ ನನಗೆ ನಲ್ಲಿಯ ನೀರು ಕೊಡಕ್ಕೆ ಬೀಳುವ ಸದ್ದು ಕೇಳಿಸುತ್ತದೆ.

ಮೊನ್ನೆ ಸಾರಿಗೆ ನಾನು ಎರಡು ಸಲ ಉಪ್ಪು ಹಾಕಿದ್ದೆ. ಅಳಿಯ ಮುಖ ಕಿವುಚಿದ. ಚೆಲುವಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡಳು. ಕೈ ತೊಳೆದುಕೊಂಡು ಬಂದವಳು, ಸ್ಟೂಲು ಎಳೆದು ಹತ್ತಿ, ಮೇಲಿನ ಅಗುಳಿಗೆ ಎಣ್ಣೆ ಬಿಟ್ಟಳು.